ಅಮೃತಶಿಲೆಯ ಗೋರಿಯನ್ನು ಉಜ್ಜಿ ಬಿಳುಪಾಗಿಸುವುದು ಬೇಡ

ಮಾನ್ಯ ಸಂಪಾದಕರೆ,

ಲಂಡನ್ನಿನ ಕೆನ್ಸಲ್ ಗ್ರೀನ್ ರುದ್ರಭೂಮಿಯ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅಲ್ಲಿರುವ ರಾಜಕುಮಾರಿ ಸೋಫಿಯಾರ ಗೋರಿ ಕಾನೂನಿನ ರಕ್ಷಣೆಯಲ್ಲಿದ್ದೂ ಮಾಸಿದೆ, ಅದನ್ನು ಉಜ್ಜಿ ತೊಳೆದು ಮೊದಲಿನ ಬಿಳುಪಿಗೆ ತರಬೇಕು ಎಂಬ ಲೇಖಕರ ಸಲಹೆಯನ್ನು ಮಾತ್ರ ಒಪ್ಪಲಾಗದು.

ಈ ರುದ್ರಭೂಮಿ ಆರಂಭವಾದದ್ದು 1833ರಲ್ಲಿ. ಮೂರನೆಯ ಜಾರ್ಜ್ ದೊರೆಯ ಮಗ, ಸಸೆಕ್ಸ್‌ನ ಡ್ಯೂಕ್, ವಿಂಡ್ಸರ್‌ನ ರಾಜಮನೆತನದ ನೆಲಮಾಳಿಗೆಯನ್ನು ಬಿಟ್ಟು ಇಲ್ಲಿಯೇ ಮಣ್ಣಾಗಲು ಬಯಸಿದ ಮೇಲೆ ಇದಕ್ಕೆ ದೊಡ್ಡ ಪ್ರತಿಷ್ಠೆ ಬಂತು. 1846ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಕವಿ ರವೀಂದ್ರನಾಥ ಠಾಕೂರರ ಅಜ್ಜ ದ್ವಾರಕಾನಾಥ ಠಾಕೂರರ ಸಮಾಧಿಯೂ ಇಲ್ಲಿದೆ. ಡ್ಯೂಕ್‌ನ ಗೋರಿಯ ಮೇಲಿರುವುದು ಅಲಂಕಾರವಿಲ್ಲದ ಭಾರಿ ಗ್ರಾನೈಟ್ ಚಪ್ಪಡಿ. 1848ರಲ್ಲಿ ನಿಧನರಾದ ತಂಗಿ ಸೋಫಿಯಾರಿಗೆ ಜರ್ಮನ್ ಕಲಾವಿದ ಲುಡ್ವಿಗ್ ಗ್ರೂನರ್ ವಿನ್ಯಾಸದಂತೆ ಇಟಲಿಯ ಕರಾರಾ ಅಮೃತಶಿಲೆಯ ಶವಪೆಟ್ಟಿಗೆಯಾಕಾರದ ಸ್ಮಾರಕ ಎದ್ದಿತು. ಸೊಗಸಿನಲ್ಲಿ ತಂಗಿಯದೇ ಮೇಲು. ಲಂಡನ್ನಿನ ಹವೆಯನ್ನು ತಾಳಿಕೊಳ್ಳುವುದರಲ್ಲಿ ಅಣ್ಣನ ಆಯ್ಕೆಯೇ ಜಾಣತನದ್ದು.

ಅಮೃತಶಿಲೆ ಮೂಲತಃ ಸುಣ್ಣದ ಅಂಶದ ಕಲ್ಲು. ಕಲ್ಲಿದ್ದಲ ಹೊಗೆಯಲ್ಲಿದ್ದ ಗಂಧಕಾಮ್ಲ ಅದರ ಮೇಲ್ಮೈಯನ್ನು ಜಿಪ್ಸಮ್ ಆಗಿ ಮಾರ್ಪಡಿಸುತ್ತದೆ. ಮಳೆ ನೇರವಾಗಿ ಬೀಳುವ ಕಡೆ ಅದು ಕರಗಿ ಹರಿದು ಕೆತ್ತನೆ ಸವೆದರೆ, ಮಳೆ ತಲುಪದ ಸಂದುಗಳಲ್ಲಿ ಮಸಿಯನ್ನು ಹಿಡಿದಿಟ್ಟುಕೊಂಡು ಕಪ್ಪು ಹೊಪ್ಪಳೆಯಾಗಿ ಗಟ್ಟಿಯಾಗುತ್ತದೆ. ಆ ಹೊಪ್ಪಳೆ ಮೂಲತಃ ಕಲ್ಲಿನದೇ ಮೇಲ್ಪದರವಾದ್ದರಿಂದ, ಅದನ್ನು ತಂತಿ ಬ್ರಷ್ಷಿನಿಂದ ಕೆರೆದಾಗ ಶಿಲ್ಪಿಯ ಉಳಿಯ ಗುರುತೂ ಅದರ ಜೊತೆಗೇ ಹೋಗುತ್ತದೆ. ಇನ್ನು ತೊಳೆಯಲು ಆಮ್ಲ ಬಳಸಿದರಂತೂ ಅದು ಕಲ್ಲನ್ನೇ ಕರಗಿಸುತ್ತದೆ. ಇದರ ಜೊತೆಗೆ ಬಿಸಿಲು ಚಳಿಗಳಿಗೆ ಹಿಗ್ಗಿ ಕುಗ್ಗಿ ಹರಳುಗಳ ಬೆಸುಗೆ ಸಡಿಲಗೊಂಡ ಹಳೆಯ ಅಮೃತಶಿಲೆ ಬೆರಳು ಸೋಕಿದರೆ ಸಕ್ಕರೆಯಂತೆ ಉದುರುವುದುಂಟು. ಅಂಥ ಕಲ್ಲಿಗೆ ಒತ್ತಡದ ನೀರನ್ನು ಚಿಮ್ಮಿಸುವುದನ್ನು ಸ್ವಚ್ಛತೆ ಎನ್ನಲು ನನಗೆ ಮನಸ್ಸು ಬಾರದು. ಮಂಜಿನಂಥ ನೀರಿನ ಸಿಂಪಡಣೆ, ಕೊಳೆಯನ್ನು ಹೀರುವ ಲೇಪ, ಲೇಸರ್ ಮುಂತಾದ ಮೃದು ವಿಧಾನಗಳಿವೆ. ಅವನ್ನೂ ಪಳಗಿದ ಕೈಗಳೇ ಬಳಸಬೇಕು, ಅದೂ ಸಣ್ಣ ಜಾಗದಲ್ಲಿ ಪರೀಕ್ಷಿಸಿದ ಮೇಲೆ.

ರಕ್ಷಿತವಾಗಿದ್ದೂ ಹೀಗೇಕೆ ಎಂಬ ಲೇಖಕರ ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲೆಂಡಿನ 1990ರ ಕಾಯ್ದೆಯ ಪ್ರಕಾರ ರಕ್ಷಿತ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ ಕಟ್ಟಡದ ಸ್ವರೂಪಕ್ಕೆ ಧಕ್ಕೆ ತರುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ, ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ದುರಸ್ತಿಯ ಹೊಣೆ ಯಾರ ಹೆಗಲಿಗೂ ತಾನಾಗಿ ಏರುವುದಿಲ್ಲ. ವಿಕ್ಟೋರಿಯಾ ಕಾಲದ ಗೋರಿಗಳ ಹಕ್ಕು ಸಾಮಾನ್ಯವಾಗಿ ವಾರಸುದಾರರಿಗೆ ಸೇರಿದ್ದು. ಒಂದೂವರೆ ಶತಮಾನದ ನಂತರ ಅವರನ್ನು ಹುಡುಕುವುದೇ ಕಷ್ಟ. ಹೀಗಾಗಿ ಇಂಥ ಸ್ಮಾರಕಗಳಿಗೆ ಸಿಗುವ ಹಣ ಯಾವಾಗಲೂ ಕಡಿಮೆ. ಅದನ್ನು ಬಣ್ಣದ ಚಿಂತೆಗೆ ಸುರಿಯುವ ಬದಲು ತಳಪಾಯದ ಕುಸಿತ, ಬಿಟ್ಟುಕೊಂಡ ಸಂದುಗಳು, ಒಳಗಿನ ಕಬ್ಬಿಣದ ಕೊಂಡಿಗಳ ತುಕ್ಕು, ನಿಲ್ಲುವ ನೀರು ಇವುಗಳ ಕಡೆಗೆ ಮೊದಲು ತಿರುಗಿಸುವುದು ಲೇಸು. ಲೇಖಕರು ಈ ವಿಷಯಕ್ಕೆ ಮತ್ತೆ ಮರಳುವುದಾದರೆ ಈ ದುರಸ್ತಿಗಳ ಬಗ್ಗೆಯೂ ವಿಚಾರಿಸಿ ಬರೆಯಲಿ ಎಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ