ಲೆಡ್ಜರ್ ಬರೆದ ಕೈಯಿಂದ ಒಂದು ಪತ್ರ

ಡೊಂಬಿವಲಿ,
ಭಾನುವಾರ

ಪ್ರೀತಿಯ ತಂಗೀ,

ನಿನ್ನ ಪತ್ರ ಬುಧವಾರ ಬಂತು. ಎರಡು ಸಲ ಓದಿದೆ. ಅಂಧೇರಿಯ ನಿಮ್ಮ ಆಫೀಸಿನಲ್ಲಿ ಅನುವಾದ ಮಾಡುವ ಏಳು ಜನರಲ್ಲಿ ಇಬ್ಬರನ್ನು ಬೇರೆ ಕಡೆ ಹಾಕಿದರು, ಉಳಿದವರು ಇನ್ನು ಮೇಲೆ ಎಐ ಕೊಟ್ಟ ಕನ್ನಡವನ್ನು ತಿದ್ದಿದರೆ ಸಾಕು ಅಂದರು ಎಂದು ಬರೆದಿದ್ದೀಯ. ಕೊನೆಯಲ್ಲಿ, "ಅಕ್ಕಾ, ಎರಡು ವರ್ಷದಲ್ಲಿ ನಾನು ಯಾರಿಗೂ ಬೇಡದವಳಾಗುತ್ತೇನೆ, ಕೆಲಸವೂ ಹೋಗುತ್ತೆ, ಬರವಣಿಗೆಯೂ ಹೋಗುತ್ತೆ" ಅಂದಿದ್ದೀಯಲ್ಲ, ಅದನ್ನು ಓದಿ ಮನಸ್ಸಿಗೆ ತುಂಬಾ ಕಷ್ಟವಾಯಿತು. ಸುಮ್ನೆ "ಹೆದರಬೇಡ" ಅಂದುಬಿಟ್ಟರೆ ನಿನಗೆ ಸಮಾಧಾನ ಆಗುವುದಿಲ್ಲ. ಅದಕ್ಕೇ ನಾನು ಕಣ್ಣಾರೆ ಕಂಡದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು 1979ರಲ್ಲಿ ಮುಂಬಯಿಯ ಫೋರ್ಟಿನ ಒಂದು ಬ್ಯಾಂಕಿಗೆ ಗುಮಾಸ್ತೆಯಾಗಿ ಸೇರಿದೆ. ಉಳಿತಾಯ ಖಾತೆಯ ಲೆಡ್ಜರುಗಳು, ಅಂದರೆ ಲೆಕ್ಕದ ದೊಡ್ಡ ಪುಸ್ತಕಗಳು, ನನ್ನ ಪಾಲಿಗೆ ಬಂದವು. ಒಂದೊಂದು ಲೆಡ್ಜರನ್ನು ಎತ್ತಲು ಎರಡು ಕೈಯೂ ಬೇಕಿತ್ತು. ಹಣ ತೆಗೆಯಲು ಬಂದವರಿಗೆ ಹಿತ್ತಾಳೆಯ ಟೋಕನ್ ಕೊಟ್ಟು, ಪುಟ ಹುಡುಕಿ, ಶಿಲ್ಕು ನೋಡಿ, ಸ್ಲಿಪ್ಪನ್ನು ಪಾಸು ಮಾಡಲು ಕಳಿಸಬೇಕು. ಆಗ ಬ್ಯಾಂಕಿನ ವರ್ಷ ಡಿಸೆಂಬರಿಗೆ ಮುಗಿಯುತ್ತಿತ್ತು. ಜೂನ್ ಮತ್ತು ಡಿಸೆಂಬರ್ ಕೊನೆಯಲ್ಲಿ ಬಡ್ಡಿ ಹಾಕುವ ಕೆಲಸ. ತಿಂಗಳ ಹತ್ತನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಶಿಲ್ಕಿಗೆ ಬಡ್ಡಿ. ಪ್ರತಿ ಖಾತೆಗೂ, ಪ್ರತಿ ತಿಂಗಳಿಗೂ, ಕೈಯಲ್ಲೇ ಲೆಕ್ಕ. ಆಮೇಲೆ ಎಲ್ಲ ಖಾತೆಗಳ ಮೊತ್ತ ಶಾಖೆಯ ಮುಖ್ಯ ಪುಸ್ತಕವಾದ ಜನರಲ್ ಲೆಡ್ಜರಿನ ಅಂಕಿಗೆ ತಾಳೆ ಆಗಬೇಕು. ಆಗದಿದ್ದರೆ ರಾತ್ರಿ ಹನ್ನೊಂದಾದರೂ ಮನೆಗೆ ಹೋಗುವ ಹಾಗಿಲ್ಲ.

ಹಿರಿಯರೊಬ್ಬರು ನನಗೆ ಒಂದು ಗುಟ್ಟು ಹೇಳಿಕೊಟ್ಟರು. ವ್ಯತ್ಯಾಸ ಬಂದ ಮೊತ್ತ ಒಂಬತ್ತರಿಂದ ಭಾಗವಾದರೆ, ಎಲ್ಲೋ ಎರಡು ಅಂಕಿ ಹಿಂದೆ ಮುಂದೆ ಆಗಿರಬಹುದು. 54 ಅನ್ನು 45 ಅಂತ ಬರೆದಿರುತ್ತಾರೆ, ವ್ಯತ್ಯಾಸ 9. 72 ಅನ್ನು 27 ಅಂತ ಬರೆದಿದ್ದರೆ 45. ಇದನ್ನು ತಿಳಿದ ಮೇಲೆ ನನಗೆ ಪುಟ ನೋಡಿದರೇ ತಪ್ಪಿನ ವಾಸನೆ ಬರತೊಡಗಿತು.

ಆ ಹೊತ್ತಿಗೇ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ. ಊಟದ ಹೊತ್ತಿನಲ್ಲಿ ಗೇಟ್ ಮೀಟಿಂಗ್, ಎದೆಗೆ ಬ್ಯಾಡ್ಜು, ಘೋಷಣೆ. ನಾನೂ ಕೂಗಿದ್ದೇನೆ. ಮನೆಯಲ್ಲಿ ನನ್ನ ಸಂಬಳವೇ ಆಧಾರ, ಇಬ್ಬರು ತಮ್ಮಂದಿರು ಓದುತ್ತಿದ್ದರು. ನಿನ್ನ ಹೊಟ್ಟೆಯೊಳಗಿನ ಸಂಕಟ ನನಗೆ ಹೊಸತಲ್ಲ. 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಯೂನಿಯನ್ನುಗಳಿಗೂ ಯಂತ್ರಗಳ ಬಗ್ಗೆ ಒಪ್ಪಂದ ಆಯಿತು. 1984ರಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ ರಿಸರ್ವ್ ಬ್ಯಾಂಕಿನ ರಂಗರಾಜನ್ ಸಮಿತಿಯ ವರದಿ ಬಂತು. ಆಮೇಲೆ ಕೆಲವು ವರ್ಷಕ್ಕೆ ನಮ್ಮ ಶಾಖೆಗೂ ಲೆಡ್ಜರ್ ಪೋಸ್ಟಿಂಗ್ ಮಾಡುವ ಯಂತ್ರ ಬಂದು ಕೂತಿತು.

ನನ್ನ ಲೆಡ್ಜರ್ ಕೆಲಸ ಹೋಯಿತು, ನಿಜ. ಆದರೆ ನಾನು ಹೋಗಲಿಲ್ಲ. ಯಂತ್ರ ಬಂದ ಎರಡನೇ ಅರ್ಧವರ್ಷದಲ್ಲಿ ಹೋಟೆಲ್ ಕೆಲಸದ ಒಬ್ಬ ಹಿರಿಯರು ಪಾಸ್‌ಬುಕ್ ತಂದು ತೋರಿಸಿದರು. ಬಡ್ಡಿ ಸ್ವಲ್ಪ ಜಾಸ್ತಿ ಬಿದ್ದಿತ್ತು. ಅವರಿಗೆ ಖುಷಿ, ನನಗೆ ಅನುಮಾನ. ಆ ಶಿಲ್ಕಿಗೆ ಅಷ್ಟು ಬಡ್ಡಿ ಬರಲಾರದು ಅಂತ ನನ್ನ ಕೈಗೆ ಗೊತ್ತಿತ್ತು. ಹುಡುಕಿದರೆ, ಯಾರೋ ಬಡ್ಡಿ ದರವನ್ನು ತಪ್ಪಾಗಿ ಹಾಕಿದ್ದರು. ಯಂತ್ರ ಆ ತಪ್ಪನ್ನೇ ನೂರಾರು ಖಾತೆಗಳಿಗೆ ನಿಮಿಷಗಳಲ್ಲಿ, ಅಂದವಾಗಿ, ಒಂದು ಕಾಟು ಇಲ್ಲದೆ ಅಚ್ಚು ಹಾಕಿತ್ತು. ಮ್ಯಾನೇಜರು ಓಡಿಬಂದು ಮೊದಲು ಕೇಳಿದ್ದು "ಚೆಕ್ ಮಾಡಿದ್ದು ಯಾರು?" ಅಂತ. ಆ ಹಾಳೆಯ ಮೇಲೆ ಯಾರ ಇನಿಷಿಯಲ್ ಇದೆ ಅಂತ ನೋಡಿದರು. ಅವತ್ತಿನಿಂದ ಬಡ್ಡಿ ಪಟ್ಟಿ ನನ್ನ ಕಣ್ಣಿಗೆ ಬೀಳದೆ ಮುಂದೆ ಹೋಗುತ್ತಿರಲಿಲ್ಲ.

ಎಲ್ಲರಿಗೂ ಹೀಗೇ ಆಯಿತು ಅಂತ ನಾನು ಹೇಳಲಾರೆ. 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಜನ ಹೊರಬಂದರು. ಯಂತ್ರ ಬಂದದ್ದು ಅದಕ್ಕೊಂದು ಕಾರಣ. ಅವರಲ್ಲಿ ನನ್ನ ಗೆಳತಿಯರೂ ಇದ್ದರು. ಒಂದು ಕೆಲಸದಲ್ಲಿ ಹಲವು ತುಂಡುಗಳಿರುತ್ತವೆ, ಅಲ್ವಾ? ಯಂತ್ರ ಕೆಲವು ತುಂಡುಗಳನ್ನು ಒಯ್ಯುತ್ತದೆ. ಆ ತುಂಡೇ ತಮ್ಮ ಇಡೀ ಕೆಲಸ ಅಂತ ನಂಬಿಕೊಂಡವರಿಗೆ ಪೆಟ್ಟು ಜಾಸ್ತಿ ಬಿತ್ತು.

ಈಗ ನಿನ್ನ ಮೇಜಿಗೆ ಬರೋಣ. ನೀನೇ ಬರೆದಿದ್ದೀಯ: ಸಾಲದ ಆಪ್ ಒಂದರಲ್ಲಿ "ಔಟ್‌ಸ್ಟ್ಯಾಂಡಿಂಗ್ ಅಮೌಂಟ್" ಎಂಬುದಕ್ಕೆ ಯಂತ್ರ "ಅತ್ಯುತ್ತಮ ಮೊತ್ತ" ಅಂತ ಕೊಟ್ಟಿತ್ತು, ನೀನು ಅದನ್ನು "ಬಾಕಿ" ಅಂತ ತಿದ್ದಿದೆ. ಎರಡೇ ಕ್ಷಣದ ಕೆಲಸ ಅಂತ ಹಗುರವಾಗಿ ಬರೆದಿದ್ದೀಯ. ನನಗೆ ಹಾಗೆ ಅನ್ನಿಸಲಿಲ್ಲ. ಹಾವೇರಿಯಲ್ಲೋ ರಾಯಚೂರಿನಲ್ಲೋ ಸಾಲ ತೆಗೆದುಕೊಂಡವರೊಬ್ಬರು ಫೋನಿನಲ್ಲಿ "ನಿಮ್ಮ ಅತ್ಯುತ್ತಮ ಮೊತ್ತ 18,400" ಅಂತ ಓದಿದರೆ ಏನು ತಿಳಿದುಕೊಳ್ಳಬೇಕು? ಬಹುಮಾನ ಬಂತು ಅಂತಲೋ? ಕಂತು ತಪ್ಪಿದರೆ ದಂಡ ಕಟ್ಟುವವರು ಅವರು. ಆ ಎರಡು ಕ್ಷಣದ ಹಿಂದೆ ನೀನು ಕಲಿತ ಕನ್ನಡ ಇದೆ, ಸಾಲ ಅಂದರೆ ಏನು ಅಂತ ಮನೆಯಲ್ಲಿ ಕಂಡದ್ದು ಇದೆ. ಇಂಗ್ಲಿಷಿನ "ಅಂಕಲ್" ಬಂದರೂ ಅಷ್ಟೇ. ಅವರು ಮಾವನೋ, ಚಿಕ್ಕಪ್ಪನೋ, ದೊಡ್ಡಪ್ಪನೋ, ಪಕ್ಕದ ಮನೆಯವರೋ ಅಂತ ತೀರ್ಮಾನಿಸಬೇಕಾದವಳು ನೀನು. ಆ ಮನೆಯ ಸಂಬಂಧ ಗೊತ್ತಿಲ್ಲದೆ ಆ ಒಂದು ಪದ ಹಾಕಲು ಬರುವುದಿಲ್ಲ.

ಈ ಯಂತ್ರ ಮಾಡುವುದೇನು ಅಂತ ನಾನೂ ಕುಳಿತು ತಿಳಿದುಕೊಂಡೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು. ಅದು ರಾಶಿ ರಾಶಿ ಬರಹ ಓದಿ, ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕುತ್ತಾ ಹೋಗುತ್ತದೆ. ಬಹಳ ಸಲ ಚೆನ್ನಾಗಿಯೇ ಹಾಕುತ್ತದೆ. ನಾನು ಅದನ್ನು ಬಳಸುತ್ತೇನೆ, ಅದರಿಂದ ನನಗೆ ಉಪಯೋಗವೂ ಆಗಿದೆ. ಆದರೆ ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೆಯೇ, ಅದೇ ಧೈರ್ಯದಲ್ಲಿ ಬರೆದುಬಿಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದು ಕೊಟ್ಟ ಹಳೆಯ ತೀರ್ಪುಗಳನ್ನು ಪರೀಕ್ಷೆ ಮಾಡದೆ ಕೋರ್ಟಿಗೆ ಸಲ್ಲಿಸಿದರು. ಅಂಥ ಮೊಕದ್ದಮೆಗಳೇ ನಡೆದಿರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದ್ದು ಸಹಿ ಮಾಡಿದವರ ಕಡೆಗೆ. ನಮ್ಮ ಮ್ಯಾನೇಜರು ಇನಿಷಿಯಲ್ ಹುಡುಕಿದ್ದು ನನಗೆ ನೆನಪಾಯಿತು.

ಇನ್ನೊಂದು ವಿಷಯ. ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ 2016ರಲ್ಲಿ, ಎಕ್ಸ್‌ರೇ, ಸ್ಕ್ಯಾನ್ ಚಿತ್ರ ನೋಡಿ ವರದಿ ಕೊಡುವ ರೇಡಿಯಾಲಜಿ ವೈದ್ಯರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರಿಗಿಂತ ಚೆನ್ನಾಗಿ ನೋಡುತ್ತದೆ ಅಂದಿದ್ದರು. ಅವರಿಗೆ 2024ರಲ್ಲಿ ನೊಬೆಲ್ ಕೂಡ ಬಂತು. ಆ ವೈದ್ಯರಿಗೆ ಇವತ್ತಿಗೂ ಬೇಡಿಕೆ ಇದೆ. ಚಿತ್ರ ನೋಡುವುದು ಅವರ ಕೆಲಸದ ಒಂದು ತುಂಡು. ಯಾವ ಪರೀಕ್ಷೆ ಬೇಕು, ಬೇರೆ ವೈದ್ಯರಿಗೆ ಏನು ಹೇಳಬೇಕು, ವರದಿಗೆ ಹೊಣೆ ಯಾರು, ಇವೆಲ್ಲ ಹಾಗೇ ಉಳಿದವು. ಅಷ್ಟು ದೊಡ್ಡವರ ಅಂದಾಜೂ ತಪ್ಪುತ್ತದೆ ಅಂದಮೇಲೆ ನಿಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ ಮಾತಿಗೆ ನಿದ್ದೆ ಕೆಡಿಸಿಕೊಳ್ಳಬೇಡ.

ಬರವಣಿಗೆಯ ಕಡೆಗೂ ಯಂತ್ರ ಹೊಸದಾಗಿ ಬಂದದ್ದಲ್ಲ. ನನ್ನ ಮೊದಲ ಕಥೆ ಅಚ್ಚಾಗುವಾಗ ಅಚ್ಚುಮೊಳೆ ಜೋಡಿಸುತ್ತಿದ್ದ ಕಂಪೋಸಿಟರ್ ಒಬ್ಬರಿದ್ದರು. ಕನ್ನಡದ ಒತ್ತಕ್ಷರಗಳಿಗೆ ಬೇರೆ ಬೇರೆ ಮೊಳೆ. ಕತ್ತಲಲ್ಲೂ ಅವರ ಬೆರಳು ಸರಿಯಾದ ಮನೆಗೇ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಬಂದಾಗ ಅವರ ಮುಖ ಬಾಡಿತು. ಈಗ ನೀನು ಬೆರಳಾಡಿಸುವ ಕನ್ನಡ ಕೀಲಿಮಣೆಯ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರು ನಮ್ಮ ಮುಂಬಯಿಯ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಕೆಲಸ ಮಾಡಿದವರು ಅಂತ ನಿನಗೆ ಗೊತ್ತಾ? ಕಂಪೋಸಿಟರು ಆರು ತಿಂಗಳು ಕಷ್ಟಪಟ್ಟು ಆ ಕೀಲಿಮಣೆ ಕಲಿತರು. ಆಮೇಲೆ ಪ್ರೆಸ್ಸಿನಲ್ಲಿ ಕರಡು ತಿದ್ದಲು ಅವರಿಗಿಂತ ನಂಬಿಕಸ್ಥರು ಇರಲಿಲ್ಲ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದು ಅವರ ಕಣ್ಣಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ದೊಡ್ಡ ಅಂಚೆ ಕಚೇರಿ ಜಿಪಿಒ ಎದುರು ಕೂರುತ್ತಿದ್ದ ಪತ್ರ ಬರೆಯುವವರ ಕಥೆ ಮಾತ್ರ ಬೇರೆ. ಓದು ಬಾರದವರು ಊರಿನ ಹೆಂಡತಿಗೆ, ತಾಯಿಗೆ ಅವರ ಕೈಯಿಂದ ಪತ್ರ ಬರೆಸುತ್ತಿದ್ದರು, ಮನಿಯಾರ್ಡರ್ ಫಾರಂ ತುಂಬಿಸುತ್ತಿದ್ದರು. ಫೋನು ಬಂದ ಮೇಲೆ ಆ ಕಸುಬು ಬತ್ತಿತು. ಕೆಲವರು ಪಾರ್ಸಲ್‌ಗೆ ಬಟ್ಟೆ ಹೊಲಿದು ಅರಗು ಹಾಕುವ ಕೆಲಸಕ್ಕೆ ಇಳಿದರು. ಆ ನಷ್ಟ ನಷ್ಟವೇ. ಇದನ್ನು ನಿನ್ನಿಂದ ಮುಚ್ಚಿಟ್ಟು ಧೈರ್ಯ ಹೇಳಿದರೆ ಆ ಧೈರ್ಯ ನಾಲ್ಕು ದಿನ ನಿಲ್ಲದು. ಆದರೆ ಅವರ ಪಕ್ಕದಲ್ಲಿ ಯಾವ ಸಂಘ ನಿಂತಿತ್ತು, ಯಾರು ಹೊಸದು ಕಲಿಸಿದರು? ನಮಗೆ ಯೂನಿಯನ್ ಇತ್ತು, ಒಪ್ಪಂದ ಇತ್ತು, ತರಬೇತಿ ಸಿಕ್ಕಿತು. 2023ರಲ್ಲಿ ಅಮೆರಿಕದ ಸಿನಿಮಾ ಮತ್ತು ಟಿವಿ ಬರಹಗಾರರು 148 ದಿನ ಮುಷ್ಕರ ಮಾಡಿ, ಎಐ ಬರೆದದ್ದನ್ನು ಕೈಗೆ ಕೊಡುವಾಗ ಕಂಪನಿ ಅದನ್ನು ತಿಳಿಸಲೇಬೇಕು ಎಂದು ಕರಾರಿನಲ್ಲಿ ಬರೆಸಿಕೊಂಡರು. ಅವರು ಯಂತ್ರವನ್ನು ಒಡೆಯಲು ಹೋಗಲಿಲ್ಲ, ಅದರ ಜೊತೆ ಹೇಗೆ ಕೆಲಸ ಮಾಡುತ್ತೇವೆ ಅಂತ ಕೂತು ಮಾತಾಡಿದರು.

ಹಾಗಾಗಿ ನಾಳೆ ಆಫೀಸಿಗೆ ಹೋದಾಗ ಉಳಿದ ನಾಲ್ವರ ಜೊತೆ ಮೊದಲು ಮಾತಾಡು. ಒಬ್ಬೊಬ್ಬರೇ ಮನೆಯಲ್ಲಿ ಕೂತು ಹೆದರುವುದು ಬೇಡ. ತಿದ್ದುವುದು ಅಂದರೆ ಅರ್ಧ ಕೆಲಸ, ಅರ್ಧ ದುಡ್ಡು ಅಂತ ಯಾರಾದರೂ ಅಂದರೆ ಒಪ್ಪಬೇಡ. ನಯವಾಗಿ ಕಾಣುವ ತಪ್ಪನ್ನು ಹಿಡಿಯುವುದು ಎಷ್ಟು ಕಷ್ಟ ಅಂತ ತೋರಿಸಲು ಒಂದು ನೋಟ್‌ಬುಕ್ ಇಡು. ಯಂತ್ರ ಕೊಟ್ಟ ಸಾಲು ಎಡಕ್ಕೆ, ನೀನು ತಿದ್ದಿದ್ದು ಬಲಕ್ಕೆ, ಬಿಟ್ಟಿದ್ದರೆ ಗ್ರಾಹಕರಿಗೆ ಏನಾಗುತ್ತಿತ್ತು ಅಂತ ಕೆಳಗೆ. "ಅತ್ಯುತ್ತಮ ಮೊತ್ತ" ಮೊದಲ ಪುಟದಲ್ಲಿರಲಿ. ಮೂರು ತಿಂಗಳ ನಂತರ ಅದನ್ನು ನಿಮ್ಮ ಸಾಹೇಬರ ಮುಂದೆ ಇಡು. ಯಂತ್ರವನ್ನು ಚೆನ್ನಾಗಿ ಕಲಿ, ಅದರಲ್ಲಿ ಅವಮಾನ ಇಲ್ಲ. ಬೇಸರದ ಕೆಲಸ ಅದಕ್ಕೆ ಕೊಡು. ಗ್ರಾಹಕರ ಹೆಸರು, ಖಾತೆ ನಂಬರು ಮಾತ್ರ ಅದರೊಳಗೆ ಹಾಕಬೇಡ. ಪೂರ್ತಿ ಓದದ ಯಾವುದಕ್ಕೂ ನಿನ್ನ ಹೆಸರು ಹಾಕಬೇಡ.

ಕಥೆಯ ವಿಷಯ. ಉಡುಪಿ ಹೋಟೆಲಿನ ಹುಡುಗನ ಮೇಲೆ ಕಥೆ ಬರೆ ಅಂತ ಅದಕ್ಕೆ ಹೇಳಿ ನೋಡಿದೆ, ನನಗಿಂತ ನಯವಾಗಿ ಬರೆಯಿತು ಅಂದಿದ್ದೀಯ. ಕಳಿಸಿದ್ದೆಯಲ್ಲ, ಓದಿದೆ. ಕಾಫಿಯ ಹಬೆ, ಮಳೆ, ಅಮ್ಮನ ನೆನಪು, ಕೊನೆಗೆ ಕಣ್ಣೀರು. ನಾವೆಲ್ಲ ನೂರು ಸಲ ಬರೆದಿಟ್ಟದ್ದನ್ನೇ ಅದು ತಿರುಗಿ ಕೊಟ್ಟಿದೆ. ನಿನ್ನ ಕಥೆಯಲ್ಲಿ ನಿನ್ನ ಅಪ್ಪ ಮಾಟುಂಗದ ಹೋಟೆಲಿನಲ್ಲಿ ಗಲ್ಲೆಯವರಿಗೆ ಬಿಲ್ಲನ್ನು ಹಿಂದಿಯಲ್ಲಿ ಕೂಗುತ್ತಾರೆ, ಮನಸ್ಸಿನಲ್ಲಿ ಕೂಡಿಸುವುದು ತುಳುವಿನಲ್ಲಿ, ರಾತ್ರಿ ಶಾಲೆಯಲ್ಲಿ ಮಗ್ಗಿ ಕಲಿಯುವುದು ಕನ್ನಡದಲ್ಲಿ. ಒಂದು ರಾತ್ರಿ ಮೂರೂ ಕಲೆಸಿಹೋಗಿ ಮೇಷ್ಟ್ರಿಗೆ ಹಿಂದಿಯಲ್ಲಿ ಮಗ್ಗಿ ಒಪ್ಪಿಸಿಬಿಡುತ್ತಾರೆ. ಆ ಜಾಗ ಓದುವಾಗ ನಾನು ಪುಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಅದು ನಿನ್ನ ಮನೆಯ ಊಟದ ಹೊತ್ತಿನಲ್ಲಿ ನೀನು ಕೇಳಿದ್ದು. ಯಾರೂ ಬರೆದಿಡದ್ದನ್ನು ಆ ಯಂತ್ರ ಎಲ್ಲಿ ಓದಬೇಕು?

ನಿನ್ನ ಅಪ್ಪ ಈಗಲೂ ಊರಲ್ಲಿದ್ದಾರೆ ಅಂತ ನೀನು ಹೇಳಿದ್ದೆ. ಫೋನು ಮಾಡಿ ಕೇಳು: ಅವರ ಕಾಲದಲ್ಲಿ ಬಿಲ್ಲು ಹೇಗೆ ಕೂಗುತ್ತಿದ್ದರು, ಲೆಕ್ಕ ತಪ್ಪಿದರೆ ಸಂಬಳದಲ್ಲಿ ಹಿಡಿಯುತ್ತಿದ್ದರಾ, ರಾತ್ರಿ ಶಾಲೆಗೆ ಹೋಗಲು ಮಾಲೀಕರು ಎಷ್ಟು ಗಂಟೆಗೆ ಬಿಡುತ್ತಿದ್ದರು. ಮೂರನೇ ಪುಟ ಸಪ್ಪೆಯಾಗಿದೆ, ಅಲ್ಲಿ ನೀನು ಕೇಳದೇ ಊಹಿಸಿ ಬರೆದಿದ್ದೀಯ. ಅಪ್ಪನ ಉತ್ತರ ಬಂದ ಮೇಲೆ ಆ ಪುಟವನ್ನು ಮತ್ತೆ ಬರೆದು ಮುಂದಿನ ಭಾನುವಾರ ತೆಗೆದುಕೊಂಡು ಬಾ. ಬೆಳಿಗ್ಗೆಯೇ ಬಾ, ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದರೆ ಆಮೇಲೆ ಗಾಡಿಗಳು ತಡ. ಆ ನೋಟ್‌ಬುಕ್ಕನ್ನೂ ತಾ, ನನಗೂ ನೋಡಬೇಕು.

ನಿನ್ನ ಅಕ್ಕ