ಆ ಮೂವರಿಗೆ ಹೇಳಿಬಿಡು

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನಗಳಾದವು. ಮನೆಯ ಮತ್ತು ತೋಟದ ವಿಷಯಗಳನ್ನು ನಿನ್ನ ಆಯಿ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಆದ್ದರಿಂದ ಅವನ್ನು ಬರೆಯುವುದಿಲ್ಲ. ವರ್ಕ್‌ಶಾಪಿನ ನೀವು ನಾಲ್ವರೂ ಒಂದೇ ದಿನ ಗುಟ್ಕಾ ಬಿಟ್ಟದ್ದನ್ನೂ, ರಾತ್ರಿ ಊಟವಾದ ಮೇಲೆ ಒಬ್ಬರನ್ನೊಬ್ಬರು ತಪ್ಪದೆ ವಿಚಾರಿಸಿಕೊಳ್ಳುವುದನ್ನೂ ಓದಿ ಸಂತೋಷಪಟ್ಟೆ. ಆದರೆ ಪತ್ರದ ಕೊನೆಗೆ ನೀನು ಸೇರಿಸಿದ ಎರಡು ಸಾಲುಗಳು ನನ್ನ ನಿದ್ದೆಯನ್ನು ಕೆಡಿಸಿವೆ. 20ನೆಯ ದಿನ ನೀನು ಹಾಕಿಕೊಂಡೆ. ರಾತ್ರಿ ಅವರು ಕೇಳಿದಾಗ ‘ಇಲ್ಲ’ ಎಂದುಬಿಟ್ಟೆ. ಈಗ ನಿಜ ಹೇಳಿದರೆ ಉಳಿದ ಮೂವರ ಧೈರ್ಯವೂ ಉಡುಗಿ, ಅವರೂ ಅಂಗಡಿಯ ಕಡೆಗೆ ನಡೆಯುತ್ತಾರೇನೋ ಎಂಬ ಭಯ ನಿನ್ನದು.

ಆ ಭಯವನ್ನು ನಾನು ಬಲ್ಲೆ. ಅದಕ್ಕೆ ನಾನು ಒಪ್ಪಿಸಿದ ಬೆಲೆಯನ್ನು ಇದುವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿನ್ನ ಅತ್ತೆಗೂ ಹೇಳಿಲ್ಲ.

1994ರ ಮಾತು, ಅಡಿಕೆಯ ಕೊನೆ (ಗೊನೆ) ಕೊಯ್ಲಿನ ಕಾಲ. ನಮ್ಮ ಅಂಗಳದಲ್ಲಿ ರಾತ್ರಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಹತ್ತಾರು ಜನ ಕೂಡುತ್ತಿದ್ದರು, ಅವರ ನಡುವೆ ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು ತಿರುಗುತ್ತಲೇ ಇರುತ್ತಿತ್ತು. ನಾನೂ ನನ್ನ ಬಾಲ್ಯದ ಗೆಳೆಯನೂ ಆ ವರ್ಷ ಕವಳಕ್ಕೆ ತಂಬಾಕು ಹಾಕುವುದಿಲ್ಲವೆಂದು ಮಾತು ಕೊಟ್ಟುಕೊಂಡಿದ್ದೆವು. ಹದಿನೈದು ದಿನ ನಡೆಯಿತು. ಆಮೇಲೆ ನಾನು ಕೊಟ್ಟಿಗೆಯ ಹಿಂದೆ ನಿಂತು ಹಾಕಿಕೊಳ್ಳತೊಡಗಿದೆ; ಬಾಯಿ ಮುಕ್ಕಳಿಸಿ, ಎರಡು ಏಲಕ್ಕಿ ಅಗಿದು, ಏನೂ ಆಗದವನಂತೆ ಅವನ ಪಕ್ಕದಲ್ಲಿ ಬಂದು ಕೂರುತ್ತಿದ್ದೆ. ಒಂದು ಸಂಜೆ ಅವನೇ ನನ್ನನ್ನು ತೋಟದ ದಾರಿಗೆ ಕರೆದು, ‘ನನ್ನ ಕೈಯಲ್ಲಿ ಆಗಲಿಲ್ಲ, ನಿನ್ನೆ ಹಾಕಿಬಿಟ್ಟೆ’ ಎಂದು ತಲೆ ತಗ್ಗಿಸಿ ಹೇಳಿದ. ‘ನಾನೂ ಹಾಕಿದ್ದೇನೆ’ ಎಂಬ ಎರಡೇ ಮಾತು ನನ್ನ ಬಾಯಿಂದ ಬರಲಿಲ್ಲ. ಬದಲಿಗೆ, ಇಷ್ಟೂ ಗಟ್ಟಿತನವಿಲ್ಲವೇ ಎಂದು ಅವನನ್ನು ಗದರಿದೆ. ಮರುದಿನದಿಂದ ಅವನು ನಮ್ಮ ಅಂಗಳಕ್ಕೆ ಬರುವುದನ್ನು ನಿಲ್ಲಿಸಿದ. ಸೋತವನು ತಾನೊಬ್ಬನೇ ಎಂದು ಅವನು ನಂಬಿದ್ದ, ಆ ನಂಬಿಕೆಯನ್ನು ಅವನಿಗೆ ಕೊಟ್ಟವನು ನಾನು. ಕೆಲವು ವರ್ಷಗಳಲ್ಲಿ ಅವನ ಕೆನ್ನೆಯ ಒಳಭಾಗ ನಾರಿನಂತೆ ಬಿಗಿದುಕೊಂಡು, ಬಾಯಿಗೆ ಎರಡು ಬೆರಳೂ ಹೋಗದಂತಾಯಿತು. ಮುಂದಿನದು ನಿಮಗೆಲ್ಲ ತಿಳಿದದ್ದೇ.

ನೀನು ಹೇಳಿದರೆ ಅವರು ಕುಸಿಯುತ್ತಾರೆಂದು ಹೆದರುತ್ತೀಯೆ. ಆ ಮೂವರಲ್ಲಿ ಒಬ್ಬನು ಈಗಾಗಲೇ ನಿನ್ನಂತೆಯೇ ಗುಟ್ಟಾಗಿ ಹಾಕಿಕೊಂಡು, ನಿನ್ನ ‘ಇಲ್ಲ’ವನ್ನು ಕೇಳಿ ತನ್ನದನ್ನು ನುಂಗಿಕೊಂಡಿರಬಹುದು ಎಂದು ಯೋಚಿಸಿದ್ದೀಯಾ? ನನಗೆ ನಾಲ್ಕು ದಿನಗಳಿಂದ ಅದೊಂದೇ ಯೋಚನೆ. ಎಲ್ಲರೂ ‘ಇಲ್ಲ’ ಎನ್ನುತ್ತ, ಪ್ರತಿಯೊಬ್ಬನೂ ತಾನೊಬ್ಬನೇ ಕೆಟ್ಟವನೆಂದು ತಿಳಿದುಕೊಂಡರೆ ನೀವು ಕೂಡಿದ್ದೂ ಒಂದೇ, ಕೂಡದೆ ಇದ್ದದ್ದೂ ಒಂದೇ.

ಉಪದೇಶ ಹೇಳುವ ಅಧಿಕಾರ ನನಗಿಲ್ಲವೆಂದು ಬಲ್ಲೆ, ಆದರೂ ಗೊತ್ತಿರುವ ಒಂದೆರಡು ಸಂಗತಿಗಳನ್ನು ಬರೆಯುತ್ತೇನೆ. ಮೊದಲ ಎರಡು ಮೂರು ದಿನಗಳ ಸಿಡುಕು, ತಲೆನೋವು, ನಿದ್ದೆಗೇಡುಗಳೇ ಅತಿ ಕಠಿಣವಾದವು, ಅವನ್ನು ನೀನು ದಾಟಿ ಬಂದಿದ್ದೀಯೆ. ಒಂದು ಸಲ ಹಾಕಿಕೊಂಡದ್ದರಿಂದ ಹಿಂದಿನ 19 ದಿನಗಳು ಅಳಿಸಿಹೋಗುವುದಿಲ್ಲ. ಚಪಲ ಎದ್ದಾಗ ಅದಕ್ಕೆ ಕೊನೆಯೇ ಇಲ್ಲವೆನಿಸುತ್ತದೆ, ಆದರೆ ಗಡಿಯಾರ ನೋಡಿಕೊಂಡು ಕುಳಿತರೆ ಬಹುಪಾಲು 5ರಿಂದ 10 ನಿಮಿಷಗಳಲ್ಲಿ ಅದರ ಬಿರುಸು ಇಳಿಯುತ್ತದೆ. ಆ ಹೊತ್ತಿನಲ್ಲಿ ಬಾಯಿಗೆ ಏಲಕ್ಕಿ ಹಾಕಿಕೋ ಎಂದು ಹೇಳಲು ಮಾತ್ರ ನನಗೆ ಮನಸ್ಸಾಗದು. ಸೋಂಪು ಇಟ್ಟುಕೋ, ಇಲ್ಲವೇ ಆ ಮೂವರಲ್ಲಿ ಒಬ್ಬನಿಗೆ ಫೋನು ಮಾಡು.

ಇನ್ನೊಂದು ಮಾತು, ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ತಂಬಾಕಿಲ್ಲದ ಪಾನ್ ಮಸಾಲೆಗೆ ತೊಂದರೆಯಿಲ್ಲವೆಂದು ನಿಮ್ಮಲ್ಲಿ ಒಬ್ಬನು ಹೇಳಿದನೆಂದು ಬರೆದಿದ್ದೀಯೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಮಸಾಲೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆಯಾಗಿ ಒಂದೇ ಅಂಗಡಿಯಲ್ಲಿ ತೂಗಾಡುವುದನ್ನು ನೀನೂ ಕಂಡಿದ್ದೀಯೆ; ಒಂದನ್ನು ಹರಿದ ಕೈ ಇನ್ನೊಂದನ್ನೂ ಹರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕು ಬೆರೆಯದ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ, ಬಾಯಿ ಬಿಗಿದುಕೊಳ್ಳುವ ಆ ರೋಗಕ್ಕೂ ಮುಖ್ಯ ಕಾರಣ ಅಡಿಕೆಯೇ. ಅಡಿಕೆ ಮಾರಿಯೇ ನಿನ್ನ ಅಜ್ಜ ನಮ್ಮನ್ನೆಲ್ಲ ಓದಿಸಿದರು, ಇಂದಿಗೂ ನಾನು ಉಣ್ಣುವುದು ಅದರಿಂದಲೇ. ಆದರೂ ನಿನ್ನಿಂದ ಇದನ್ನು ಮುಚ್ಚಿಟ್ಟರೆ ಅದು ನನ್ನ ಎರಡನೆಯ ಸುಳ್ಳಾಗುತ್ತದೆ.

ತಂಬಾಕು ಬಿಡುವವರಿಗೆಂದೇ ಸರ್ಕಾರ ನಡೆಸುವ ಉಚಿತ ದೂರವಾಣಿ ಸಂಖ್ಯೆಯೊಂದಿದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಅದರ ಕೇಂದ್ರವಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ನಿಕೋಟಿನ್ ಚೂಯಿಂಗ್ ಗಮ್ಮನ್ನು ವೈದ್ಯರನ್ನು ಕೇಳಿಯೇ ತೆಗೆದುಕೋ. ಅದನ್ನು ಸ್ವಲ್ಪ ಅಗಿದು ದವಡೆಯ ಬದಿಗೆ ಇಟ್ಟುಕೊಳ್ಳಬೇಕಂತೆ, ಕಾಫಿ ಕುಡಿದ ಕೂಡಲೇ ಹಾಕಿಕೊಂಡರೆ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ. ಇವೆಲ್ಲ ನಿನಗೆ ನನಗಿಂತ ಚೆನ್ನಾಗಿ ತಿಳಿದಿದ್ದರೆ ಬೇಸರಪಡಬೇಡ.

ಮತ್ತೆ ಅಲ್ಲಿಗೇ ಬರುತ್ತೇನೆ. ಅವರಲ್ಲಿ ಒಬ್ಬನು ನಿನ್ನನ್ನು ಗದರಿದರೂ ಗದರಬಹುದು. ಆಗ ನನ್ನ ಗೆಳೆಯನಂತೆ ಎದ್ದು ಹೋಗಬೇಡ, ಮರುದಿನ ರಾತ್ರಿಯೂ ಅವರ ಜೊತೆ ಹೋಗಿ ಕುಳಿತುಕೋ. ಗದರುವವನ ಮನಸ್ಸಿನೊಳಗೆ ಏನಿರುತ್ತದೆಂದು ನನಗೆ ಗೊತ್ತಿರುವುದರಿಂದ ಹೇಳುತ್ತಿದ್ದೇನೆ. ನಾಳೆ ಅವರಲ್ಲಿ ಯಾರಾದರೂ ನಿನ್ನ ಬಳಿಗೆ ತಲೆ ತಗ್ಗಿಸಿ ಬಂದರೆ, ಮೊದಲು ನಿನ್ನದನ್ನು ಹೇಳು.

ಈ ಪತ್ರ ನಿನ್ನ ಕೈ ಸೇರಿದ ರಾತ್ರಿಯೇ ಹೇಳಿಬಿಡು, ಅವರು ಏನೆಂದರೆಂದು ನನಗೆ ಬರೆ. ಕೊನೆ ಕೊಯ್ಲಿಗೆ ಬರುವಾಗ ಸಾಧ್ಯವಾದರೆ ಆ ಮೂವರನ್ನೂ ಕರೆದುಕೊಂಡು ಬಾ. ಈ ವರ್ಷ ಸುಲಿಯುವಲ್ಲಿ ಕವಳದ ಬಟ್ಟಲು ಇಡುವುದು ಬೇಡವೆಂದು ನಿನ್ನ ಅತ್ತೆಗೆ ಹೇಳಿದ್ದೇನೆ. ಏಕೆಂದು ಅವಳು ಕೇಳಿದಳು; ಇಂದು ರಾತ್ರಿ ಅವಳಿಗೂ ಎಲ್ಲವನ್ನೂ ಹೇಳಬೇಕು.

ಇಂತು,
ನಿನ್ನ ಮಾವ