ಅಪ್ಪಾಜಿ, ನಾನು ಡಾಕ್ಟರ್ ಓದ್ತಾ ಇಲ್ಲ

ಲೈಪ್ಜಿಗ್, ಜರ್ಮನಿ
23 ನವೆಂಬರ್ 2025, ಭಾನುವಾರ

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ? ಫೋನ್ ಇರುವಾಗ ಕಾಗದ ಯಾಕೆ ಅಂತೀರೇನೋ. ಫೋನಲ್ಲಿ ನೀವು "ಊಟ ಆತಾ? ಚಳಿ ಐತಾ?" ಅಂತ ಎರಡು ಮಾತು ಕೇಳಿ ಅಮ್ಮನ ಕೈಗೆ ಕೊಟ್ಟುಬಿಡ್ತೀರಿ. ಕಾಗದವನ್ನು ಹಾಗೆ ದಾಟಿಸೋಕಾಗಲ್ಲ.

ಮೊನ್ನೆ ಪುಟ್ಟ ಹೇಳಿದ. ಭಟ್ಟಿಗೆ ಮಂಡಕ್ಕಿ ಚೀಲ ಒಯ್ಯೋಕೆ ಬಂದವರ ಹತ್ರ "ಮಗಳು ಜರ್ಮನಿಯಾಗೆ ಡಾಕ್ಟರ್ ಓದಾಕತ್ತಾಳೆ" ಅಂದ್ರಂತೆ. ಕೇಳಿದ ಕೂಡಲೇ ನಗು ಬಂತು. ರಾತ್ರಿ ನಿದ್ದೆ ಬರಲಿಲ್ಲ.

ನಾನು ಓದ್ತಿರೋದು ನರ್ಸಿಂಗ್ ಅಪ್ಪಾಜಿ. ನಿಮಗೆ ಗೊತ್ತಿಲ್ಲದ್ದೇನಲ್ಲ, ಪಾಸ್‌ಪೋರ್ಟಿಗೆ, ಬ್ಯಾಂಕಿಗೆ ಓಡಾಡಿದವರು ನೀವೇ. ಆದ್ರೂ ಆ ಮಾತು ಬಾಯಿಗೆ ಬರಲ್ಲ. ದಾವಣಗೆರೆಯವರಿಗೆ ಅದು ಕಷ್ಟವೇ ಬಿಡಿ. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಲ್ಲೇ ಬಂದ ಊರು. ಬೆಣ್ಣೆದೋಸೆ ತಿನ್ನೋಕೆ ಹೋದ್ರೆ ಪಕ್ಕದ ಮೇಜಲ್ಲಿ ಮೆಡಿಕಲ್ ಹುಡುಗ್ರು. ಅವರನ್ನು ನೋಡಿ ನೋಡಿ ನಿಮಗೆ ಆಸೆ ಹುಟ್ಟಿತು. ಸುಳ್ಳು ಯಾಕೆ, ಮೊದಲ ಸಲ ನೀಟ್ ಬರೆಯೋವರೆಗೆ ನನಗೂ ಇತ್ತು.

ಎರಡನೇ ಸಲಕ್ಕೆ ಲಾಂಗ್ ಟರ್ಮ್ ಕೋಚಿಂಗ್ ಸೇರಿಸಿದ್ರಿ. 180 ಪ್ರಶ್ನೆ, ಸರಿಯಾದ್ರೆ 4, ತಪ್ಪಿದ್ರೆ 1 ಕಳೀತಾರೆ. ಕನಸಲ್ಲೂ ಅದೇ ಲೆಕ್ಕ. ಅದೇ ವರ್ಷ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ್ರು. ಚಿಗಟೇರಿ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಅಲ್ಲಿನ ಸಿಸ್ಟರ್ ನನ್ನನ್ನೇ ಕರೆದು, ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ ಅಂತ ತೋರಿಸಿಕೊಟ್ರು. ಫಿಸಿಕ್ಸ್ ಓದೋಕೆ ಇಟ್ಟಿದ್ದ ಅಲಾರಂ ಅಜ್ಜಿಗಾಯ್ತು. ಅಮ್ಮನ ಹಳೇ ಸೀರೆ ಮಡಚಿ ಬೆನ್ನಿಗೊಂದು, ಮೊಣಕಾಲ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂಗೆ ಕಾಲಡಿ ಒಂದು. ಏಳು ತಿಂಗಳು. ಅಜ್ಜಿ ಹೋದಾಗ ಮೈಮೇಲೆ ಒಂದೇ ಒಂದು ಹುಣ್ಣಿರಲಿಲ್ಲ. ಆ ವರ್ಷ ಅಂದ್ರೆ ನಿಮಗೆ ನನ್ನ ಮಾರ್ಕ್ಸ್ ನೆನಪಾಗುತ್ತೆ, ನನಗೆ ಅಜ್ಜಿ ಬೆನ್ನು.

ಮೂರನೇ ಸಲ ಬರಿ ಅಂದ್ರಿ, ಬರೆಯಲ್ಲ ಅಂದೆ. ಅವತ್ತು ನೀವು ಊಟ ಮಾಡದೆ ಮಲಗಿದ್ರಿ. ಆಮೇಲಿನ ಜರ್ಮನ್ ಕ್ಲಾಸು, ಆ ಭಾಷೆಯ ಬಿ2 ಮಟ್ಟದ ಪರೀಕ್ಷೆ, ನೆಂಟರ ಮಾತು, ಅದೆಲ್ಲ ಬಿಡಿ.

ಇಲ್ಲಿ ಮೂರು ವರ್ಷದ ಕೋರ್ಸು. 2,100 ಗಂಟೆ ಪಾಠ, 2,500 ಗಂಟೆ ವಾರ್ಡು. ಮರಳು ಕಾದಿದೆಯಾ ಅಂತ ನೀವು ಒಂದು ಹಿಡಿ ಅಕ್ಕಿ ಹಾಕಿ ನೋಡ್ತೀರಲ್ಲ, ಅದು ಭಟ್ಟಿ ಮುಂದೆ ನಿಂತೇ ಬರಬೇಕು, ಇದೂ ಹಂಗೇ. ಕಲಿಯುವಾಗಲೇ ತಿಂಗಳ ಸಂಬಳ ಕೊಡ್ತಾರೆ. ಬಡಗಿ, ಬ್ರೆಡ್ ಸುಡೋರು, ಎಲೆಕ್ಟ್ರಿಷಿಯನ್, ಹೀಗೆ ಮುನ್ನೂರಕ್ಕೂ ಹೆಚ್ಚು ಕಸುಬಿಗೆ ಶಾಲೆ ಮುಗಿಸಿದ ಮಕ್ಕಳು ಸೇರ್ತಾರೆ. ನನ್ನ ಜತೆ ಓದೋ ಒಬ್ಬಳ ಅಪ್ಪ ವಕೀಲರು, ಅವರೇನೂ ಮಗಳನ್ನ ಲಾಯರ್ ಅಂತ ಹೇಳ್ಕೊಂಡು ತಿರುಗಲ್ಲ! ಹಾಗಂತ ಇಲ್ಲಿ ಎಲ್ಲ ಚೆಂದ ಅನ್ಕೋಬೇಡಿ. ಡ್ಯೂಟಿ ಬೆಳಿಗ್ಗೆ ಆರಕ್ಕೆ; ಈಗ ಸೂರ್ಯ ಹುಟ್ಟೋದು ಏಳೂವರೆಗೆ, ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಇಲ್ಲಿನ ಮುದುಕರು ಆಡೋ ಜರ್ಮನ್ನೇ ಬೇರೆ, ನಾನು ಕಲಿತದ್ದೇ ಬೇರೆ.

ಹೋದ ತಿಂಗಳು ಪ್ರಾಕ್ಟಿಕಲ್‌ನಲ್ಲಿ "ಒಂದು ಬಂತು" ಅಂದಾಗ ನೀವು ಸುಮ್ಮನಾಗಿಬಿಟ್ರಿ. ಇಲ್ಲಿ 1 ಅಂದ್ರೆ ಎಲ್ಲಕ್ಕಿಂತ ಮೇಲೆ, 6 ಎಲ್ಲಕ್ಕಿಂತ ಕೆಳಗೆ! ಮಲಗಿದಲ್ಲೇ ಇರೋ ಒಬ್ಬ ಅಜ್ಜಿಯನ್ನ 30 ಡಿಗ್ರಿ ಓರೆಯಾಗಿ ಮಲಗಿಸಬೇಕಿತ್ತು. ಹೇಳೋ ಮೊದಲೇ ಹಿಮ್ಮಡಿ ಕೆಳಗೆ ಟವೆಲ್ ಸೇರಿಸಿದೆ. ಎಲ್ಲಿ ಕಲಿತೆ ಅಂತ ಟೀಚರ್ ಕೇಳಿದ್ರು. ಮನೇಲಿ ಅಂದೆ.

ಟ್ರಂಕಲ್ಲಿ ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೋಡಿದೀನಿ ಅಪ್ಪಾಜಿ. ಫಸ್ಟ್ ಕ್ಲಾಸ್. ಅದರ ಜತೆ ಡಿಪ್ಲೊಮಾ ಅರ್ಜಿಯೂ ಇದೆ, ಪೂರ್ತಿ ತುಂಬಿದ್ದು, ಕೊಡದೇ ಉಳಿದದ್ದು. ನಿಮಗೇನು ಬೇಕು ಅಂತ ಅಜ್ಜ ಕೇಳಿರಲಿಕ್ಕಿಲ್ಲ, ಭಟ್ಟಿ ಮುಂದೆ ನಿಲ್ಲಿಸಿದ್ರು. ಪುಟ್ಟ ಈಗ ಸೆಕೆಂಡ್ ಪಿಯುಸಿ. ಅವನ ಮನಸಲ್ಲೂ ಒಂದಿದೆ, ನಿಮಗೆ ಹೇಳೋಕೆ ಹೆದರ್ತಾನೆ. ಏನಂತ ನಾನು ಬರೆಯಲ್ಲ. ಒಂದು ಸಂಜೆ ಭಟ್ಟಿ ಬೆಂಕಿ ಆರಿದ ಮೇಲೆ ಪಕ್ಕದಲ್ಲಿ ಕೂರಿಸ್ಕೊಂಡು ನೀವೇ ಕೇಳಿ.

ಅಮ್ಮಂಗೆ ಹೇಳಿ, ಶೇಂಗಾ ಚಟ್ನಿಪುಡಿ ಖಾಲಿ. ಮಂಡಕ್ಕಿ ಮಾತ್ರ ಕಳಿಸಬೇಡಿ, ಹೋದ ಸಲ ಅರ್ಧ ಪುಡಿಯಾಗಿ ಬಂತು.

ಈ ಕಾಗದ ಸಿಕ್ಕ ಮೇಲಿನ ಭಾನುವಾರ ನಿಮ್ಮ ಮಧ್ಯಾಹ್ನ ಒಂದೂವರೆಗೆ ಫೋನ್ ಮಾಡ್ತೀನಿ. ಆಗ ಭಟ್ಟಿ ಹತ್ರ ಯಾರಾದ್ರೂ ಇದ್ದು, ಮಗಳು ಏನು ಓದ್ತಾಳೆ ಅಂತ ಕೇಳಿದ್ರೆ ನರ್ಸ್ ಅಂತ ಹೇಳಿ. ಸ್ಪೀಕರ್ ಹಾಕಿರಿ, ನಾನೂ ಕೇಳಿಸ್ಕೋಬೇಕು.

ಇಂತಿ,
ನಿಮ್ಮ ಮಗಳು